ಹಳದಿ ಕುರ್ಚಿಯ ಚಿತ್ರ

ಶುಕ್ರವಾರ ಊಟದ ನಂತರ ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ದಪ್ಪ ರಟ್ಟು, ಕತ್ತರಿ, ಗೋಂದು ಕೊಟ್ಟರು. ಹಳೆಯ ಮಾಸಪತ್ರಿಕೆಗಳನ್ನು ಮೇಜಿನ ಮೇಲೆ ಸುರಿದರು. ಮುಂದೆ ನಿಮ್ಮ ಬದುಕು ಹೇಗಿರಬೇಕೆಂದು ಅನಿಸುತ್ತದೋ ಅದನ್ನು ಚಿತ್ರಗಳಲ್ಲಿ ಅಂಟಿಸಿ, ದಿನಾ ಕಣ್ಣಿಗೆ ಬೀಳುವ ಕಡೆ ಇಟ್ಟುಕೊಳ್ಳಿ ಎಂದು ನೀತಾ ಹೇಳಿದಳು. ನೀತಾ ನಮ್ಮ ಸಿಬ್ಬಂದಿ ವಿಭಾಗದವಳು, ತುಮಕೂರಿನ ಕಡೆಯವಳು. ಇದಕ್ಕೆ ವಿಷನ್ ಬೋರ್ಡ್ ಎನ್ನುತ್ತಾರಂತೆ.

ಪಕ್ಕದವರು ಸಮುದ್ರ, ಕಾರು, ತೆಳ್ಳಗಿನ ಸೊಂಟ ಕತ್ತರಿಸುತ್ತಿದ್ದರು. ಒಂದೇ ಸೊಂಟಕ್ಕಾಗಿ ಇಬ್ಬರು ಜಗಳವಾಡಿದರು. ನನಗೆ ಸಿಕ್ಕಿದ್ದು ಒಂದು ಖಾಲಿ ಕೋಣೆಯ ಚಿತ್ರ. ಬಿಳಿ ಗೋಡೆ, ಒಂದು ಕಿಟಕಿ, ಕಿಟಕಿಯ ಬಳಿ ಒಂದು ಹಳದಿ ಕುರ್ಚಿ. ಅದನ್ನು ರಟ್ಟಿನ ನಡುವೆ ಅಂಟಿಸಿದೆ.

"ಇಷ್ಟೇನಾ ತ್ರಿವೇಣಿ? ಸುತ್ತ ಎಷ್ಟೊಂದು ಜಾಗ ಉಳಿದಿದೆ ನೋಡು," ಎಂದಳು ನೀತಾ.

"ಉಳೀಲಿ," ಎಂದೆ.

ಅವಳು ಒತ್ತಾಯ ಮಾಡಲಿಲ್ಲ. ನನ್ನ ಗಂಡ ಬಸವಲಿಂಗ ಹೋದ ಮೇಲೆ ಆಫೀಸಿನಲ್ಲಿ ಯಾರೂ ನನಗೆ ಯಾವುದಕ್ಕೂ ಒತ್ತಾಯ ಮಾಡುವುದಿಲ್ಲ.

ಅಂಥ ಕೋಣೆಯೊಂದನ್ನು ನಾನು ಆಗಲೇ ನೋಡಿ ಬಂದಿದ್ದೆ. ಈ ಮರಾಠಿ ಊರಿನ ಕ್ಯಾಂಪ್ ಎಂಬ ಬಡಾವಣೆಯಲ್ಲಿ, ಬೇಕರಿಯ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿ. ಮಾಲೀಕಳು ಶರ್ವರಿ ಎಂಬ ಮರಾಠಿ ಹೆಂಗಸು. ಆ ಖಾಲಿ ನೆಲದ ಮೇಲೆ ನಿಂತಾಗ ನನಗೆ ಹಸಿವಾಯಿತು. ಹಸಿವು ಎಂದರೆ ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು. ಭಾನುವಾರ ಸಂಜೆಯವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ, ಅಷ್ಟರಲ್ಲಿ ಹೇಳು ಎಂದಿದ್ದಳು ಶರ್ವರಿ. ಮನೆಯಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲ.

ಮನೆ ಎಂದರೆ ಗಂಡನ ಮನೆ. ಕಳೆದ ಮಳೆಗಾಲದಲ್ಲಿ ಬಸವಲಿಂಗ ಡೆಂಗಿ ಜ್ವರದಲ್ಲಿ ತೀರಿಕೊಂಡಾಗ ನನ್ನ ಅಪ್ಪ ಅವ್ವ ವಿಜಯಪುರದಿಂದ ಕರೆದೊಯ್ಯಲು ಬಂದಿದ್ದರು. "ಅಕಿ ನನ್ನ ಮಗಳು. ಎಲ್ಲಿಗೂ ಕಳಸೂದಿಲ್ಲ," ಎಂದು ಅತ್ತೆ ಕಲ್ಲವ್ವ ನನ್ನ ಕೈ ಹಿಡಿದು ಕೂತುಬಿಟ್ಟರು. ಅಂದಿನಿಂದ ಆ ಕೈ ಬಿಟ್ಟಿಲ್ಲ. ಉಣ್ಣುವಾಗ ಪಕ್ಕದಲ್ಲಿ ಕೂರುತ್ತಾರೆ. ನನ್ನ ಕೋಣೆಯಲ್ಲೇ ಚಾಪೆ ಹಾಸಿ ಮಲಗುತ್ತಾರೆ. ಕೆಟ್ಟವರಾಗಿದ್ದರೆ ಬಿಟ್ಟು ಹೋಗುವುದು ಸುಲಭವಿತ್ತು.

ಶುಕ್ರವಾರ ಸಂಜೆ ರಟ್ಟನ್ನು ನೋಡಿ ಏನಿದು ಎಂದು ಕೇಳಿದರು. ಮುಂದೆ ಏನು ಬೇಕೋ ಅದನ್ನು ಅಂಟಿಸುವುದು ಎಂದು ಹೇಳಿ ಬೀರುವಿನ ಹಿಂದೆ ಇಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಅದು ದೇವರ ಜಗುಲಿಯ ಮೇಲೆ, ಬಸವಲಿಂಗನ ಫೋಟೋದ ಪಕ್ಕದಲ್ಲಿತ್ತು. ಮೂಲೆಯಲ್ಲಿ ಮೂರೆಳೆ ವಿಭೂತಿ.

"ಬೇಡಿಕೊಂಡದ್ದು ದೇವರ ಮುಂದ ಇರಬೇಕವಾ. ಬೀರೂದ ಹಿಂದ ಇಟ್ರ ಅವಂಗ ಹೆಂಗ ಕಾಣಬೇಕು?"

ಮಾವ ಶಿವಪುತ್ರಪ್ಪ ಬಟ್ಟೆ ಅಂಗಡಿಗೆ ಹೊರಟವರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಕುರ್ಚಿ?"

"ಕುರ್ಚಿನ," ಎಂದರು ಅತ್ತೆ.

"ಹಳದಿ ಅದ."

"ಕಣ್ಣ ಭಾಳ ಚುರುಕ ಅದಾವ ನಿಮ್ಮವು. ಹೋಗ್ರಿ ಇನ್ನ."

ಅದೇ ಸಂಜೆ ಮಾವ ಟೆಂಪೋದಿಂದ ಒಂದು ಕುರ್ಚಿ ಇಳಿಸಿಕೊಂಡು ಬಂದರು. ಹಳದಿ ಕುರ್ಚಿ ಊರಲ್ಲೆಲ್ಲೂ ಸಿಗಲಿಲ್ಲವಂತೆ. ಸಾಗವಾನಿ ಬಣ್ಣದ್ದು ಕೊಂಡು, ಅಂಗಡಿಯ ಹಿಂದೆ ನಿಂತು ತಾವೇ ಬಣ್ಣ ಹಚ್ಚಿದ್ದರು. ಉಗುರಿನ ಸಂದಿಯಲ್ಲೆಲ್ಲ ಹಳದಿ. ಪಡಸಾಲೆಯ ಕಿಟಕಿಯ ಬಳಿ, ಟೀವಿಗೂ ತಮ್ಮ ಆರಾಮ ಕುರ್ಚಿಗೂ ನಡುವೆ ಅದನ್ನು ಇಟ್ಟರು.

"ಕುಂಡ್ರು," ಎಂದರು.

ಕೂತೆ. ಬಣ್ಣ ಪೂರ್ತಿ ಒಣಗಿರಲಿಲ್ಲ. ಇಬ್ಬರೂ ಎದುರಿಗೆ ನಿಂತು ನನ್ನನ್ನೇ ನೋಡುತ್ತಿದ್ದರು, ಫೋಟೋ ತೆಗೆಯುವವರ ಹಾಗೆ.

"ಹೆಂಗದ?"

"ಛಲೋ ಅದ್ರಿ ಮಾವಾರ."

ಮಾವನ ಮುಖ ಅರಳಿತು. ಮಗ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ನು ಹೇಳುವುದು ಸಾಧ್ಯವಿಲ್ಲ ಎನಿಸಿತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ.

"ತ್ರಿವೇಣಿ, ಆರಾಮ ಇದ್ದಿ ಹೌದಿಲ್ಲೊ?" ಬಾಗಿಲಾಚೆ ಅತ್ತೆಯ ದನಿ.

"ಅದೀನ್ರಿ."

ಭಾನುವಾರ ಬೆಳಿಗ್ಗೆ ಅತ್ತೆ ನನ್ನನ್ನು ಸಾಸವಡದ ಆಚೆ ಒಂದು ಗುಡ್ಡದ ಗುಡಿಗೆ ಕರೆದುಕೊಂಡು ಹೊರಟರು. ಬೇಡಿದ್ದು ಸಿಕ್ಕಿದೆ, ಕಾಯಿ ಒಡೆಸಿ ಬರೋಣ ಎಂದರು. ನಾನು ಬಸ್ಸಿನುದ್ದಕ್ಕೂ ಫೋನನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಬರುವುದಿಲ್ಲ ಎಂದು ಶರ್ವರಿಗೆ ಒಂದು ಸಾಲು ಬರೆದೆ, ಕಳಿಸಲಿಲ್ಲ, ಅಳಿಸಿದೆ.

ಗುಡಿಯ ಹಿಂದಿನ ಇಳಿಜಾರಿನ ತುಂಬ ಕಲ್ಲಿನ ಪುಟ್ಟ ಪುಟ್ಟ ಮನೆಗಳು. ಮನೆ ಬೇಕೆನ್ನುವವರು ಇಲ್ಲಿ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ ಹೋಗುತ್ತಾರೆ. ಎಂಥ ಮನೆ ಬೇಕೋ ಅಂಥದ್ದನ್ನೇ ಕಟ್ಟಬೇಕು. ಮಹಡಿ ಬೇಕಿದ್ದರೆ ಮಹಡಿ. ಒಬ್ಬರು ಗಾಡಿ ನಿಲ್ಲಿಸಲು ಬೇರೆ ಜಾಗವನ್ನೂ ಕಟ್ಟಿದ್ದರು.

ಅತ್ತೆ ಸೆರಗು ಸಿಕ್ಕಿಸಿ ಕಲ್ಲು ಆರಿಸಲು ಕೂತರು. "ನೀನೂ ಕಟ್ಟ. ಬಂದದ್ದ ಬಂದೀವಿ."

ಎರಡು ಕಲ್ಲು ನಿಲ್ಲಿಸಿ ಮೇಲೊಂದು ಹೊದಿಸಿದೆ. ಅಲ್ಲಿಗೆ ನನ್ನ ಕೈ ನಿಂತಿತು. ಅತ್ತೆ ಇತ್ತ ನೋಡಿದರು.

"ಒಂದ ಖೋಲಿ? ಏನವಾ ಇದು, ಎಂ.ಎ. ಓದಿದಾಕಿ ಕಟ್ಟೂ ಮನಿ! ನಾವೆಲ್ಲಿ ಮಲಗೂದು, ಅಂಗಳದಾಗ?"

ನಗಬೇಕಿತ್ತು. ಇನ್ನೊಂದು ಕಲ್ಲು ಇಟ್ಟಿದ್ದರೂ ಸಾಕಿತ್ತು. ಕೈಗೆ ಎತ್ತಿಕೊಂಡೆ ಕೂಡ. ದೇವರ ಮುಂದೆ ಸುಳ್ಳು ಮನೆ ಕಟ್ಟಲು ಆಗಲಿಲ್ಲ.

"ಅತ್ತಿ, ಕ್ಯಾಂಪಿನ್ಯಾಗ, ಬೇಕರಿ ಹಿಂದ, ಒಂದ ಖೋಲಿ ನೋಡೀನ್ರಿ. ನನಗೊಬ್ಬಾಕಿಗೆ."

ಅವರು ಎತ್ತಿಕೊಂಡ ಕಲ್ಲನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡರು.

"ಆ ಚಿತ್ರದಾಗ ನಾ ಬೇಡಿದ್ದು ಕುರ್ಚಿ ಅಲ್ರಿ. ಅದರ ಸುತ್ತ ಯಾರೂ ಇಲ್ಲಲ್ರಿ, ಅದು."

ಕೆಳಗೆ ಘಾಟಿಯಲ್ಲಿ ಒಂದು ಲಾರಿ ಏರುತ್ತಿತ್ತು. ಅದರ ಸದ್ದು ಹತ್ತಿರ ಬಂದು, ತಿರುವು ದಾಟಿ ದೂರವಾಯಿತು.

"ಯಾವಾಗ ಹೇಳಬೇಕು ಖೋಲಿಯವರಿಗೆ?" ಎಂದರು ಅತ್ತೆ.

"ಇವತ್ತ ಸಂಜೀಕ. ನೀವು ಬ್ಯಾಡ ಅಂದ್ರ..."

ಕಲ್ಲವ್ವ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು ಅಳತೊಡಗಿದರು. ಸದ್ದು ಮಾಡದೆ ಅಲ್ಲ, ಜೋರಾಗಿ, ಮಗನ ಹೆಸರು ಹಿಡಿದು. ಕಾಯಿ ಹಿಡಿದು ಹೋಗುತ್ತಿದ್ದವರು ನಿಂತು ನೋಡಿದರು. ಎಲ್ಲವನ್ನೂ ಹಾಳು ಮಾಡಿದೆ ಎಂದುಕೊಂಡು ಅವರ ತೋಳು ಹಿಡಿದೆ. ಕೊಡವಿದರು.

"ತಡೀ. ಅಳಾಕ ಬಿಡ ನನ್ನ."

ಬಿಟ್ಟೆ. ಬಹಳ ಹೊತ್ತಾದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ನೀ ಒಂದ ಹನಿ ಕಣ್ಣೀರ ಹಾಕಲಿಲ್ಲ. ನಾ ಅತ್ರ ಈ ಹುಡುಗಿ ಕುಸದ ಬೀಳತಾಳ ಅಂತ ನಾನೂ ಹಲ್ಲ ಕಚಗೊಂಡ ಕುಂತೆ. ಒಂದ ದಿನ ಮನಿ ಖಾಲಿ ಸಿಕ್ಕೀತು, ನನ್ನ ಮಗನ್ನ ಕರದ ಅಳೂಣು ಅಂತ ದಾರಿ ನೋಡೇ ನೋಡ್ತೀನಿ. ನೀ ಆಫೀಸಿಗೆ ಹೋದರ ಕೆಲಸದಾಕಿ ಬರತಾಳ. ರವಿವಾರ ನೀ ಮನೀ ಬಿಟ್ಟ ಕದಲೂದ ಇಲ್ಲ!"

"ನಿಮ್ಮನ್ನೊಬ್ಬರನ್ನ ಬಿಡಬಾರ್ದಂತ ಇರತಿದ್ದೆನ್ರಿ."

"ಅಯ್ಯ, ಹುಚ್ಚಿ! ನಿನ್ನ ಸಲುವಾಗಿ ನಾ ನಿಗಡಿ ಊರಾಗಿನ ನಮ್ಮಕ್ಕನ ಮನೀಗೆ ಹೋಗೂದ ಬಿಟ್ಟೀನಿ. ಅಕಿ ಸಿಟ್ಟಾಗಿ ಫೋನ ಸುದ್ದಾ ಎತ್ತವಲ್ಲಳು. ಆ ಚಾಪಿ ಮ್ಯಾಲ ಮಲಗಿ ಮಲಗಿ ನನ್ನ ಸೊಂಟ ಹೋಗೇದ."

"ನೀವು ಗೊರಕಿ ಹೊಡೀತೀರಿ ಅತ್ತಿ."

ಹೇಗೋ ಬಾಯಿಂದ ಬಂದುಬಿಟ್ಟಿತು. ಅವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ಇಷ್ಟ ದಿನ ಹೇಳಾಕ ಏನಾಗಿತ್ತು ನಿನಗ?"

ಇಬ್ಬರೂ ನಕ್ಕೆವು. ನನ್ನ ನಗು ಕೆಮ್ಮಿನ ಹಾಗೆ ಕೇಳಿಸಿತು, ಆದರೂ ನಗುವೇ. ಅದರ ಹಿಂದೆಯೇ ಕಣ್ಣಿನಿಂದ ನೀರು ಇಳಿಯಿತು. ಅತ್ತೆ ನೋಡಿಯೂ ನೋಡದವರಂತೆ ಸೀರೆಯ ಮಣ್ಣು ಕೊಡವಿಕೊಂಡರು.

"ಮಾವಾರಿಗೆ ಏನ್ ಹೇಳೂದ್ರಿ?"

"ಅದ ನನ್ನ ಪಾಲಿಗೆ ಬಿಡ. ಬಣ್ಣ ಹಚ್ಚಿದ ಮನಷ್ಯಾ, ನಾಕ ದಿನ ಮಾರಿ ಊದಿಸ್ಕೊಂಡ ಕುಂಡ್ರತಾರ. ಕುಂಡ್ರಲಿ. ಈಗ ಫೋನ ಹಚ್ಚ ಖೋಲಿಯವರಿಗೆ."

ಹಚ್ಚಿದೆ. ಶರ್ವರಿ ಹಲೋ ಎನ್ನುವುದರೊಳಗೆ ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡರು. ತ್ರಿವೇಣಿಯ ಅತ್ತೆ ಮಾತಾಡುವುದು ಎಂದು ಮರಾಠಿಯಲ್ಲಿ ಹೇಳಿ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಬೇಕರಿಯ ಹೊಗೆ ಒಳಗೆ ನುಗ್ಗುತ್ತದೆಯೇ ಎಂದೆಲ್ಲ ವಿಚಾರಿಸಿದರು. ಆಚೆಯಿಂದ ಏನೋ ಪ್ರಶ್ನೆ ಬಂತು. ಫೋನಿಗೆ ಅಂಗೈ ಮುಚ್ಚಿ ನನ್ನತ್ತ ತಿರುಗಿದರು.

"ಎಷ್ಟ ಮಂದಿ ಇರತೀರಿ ಅಂತ ಕೇಳತಾಳ."

ನಾನು ಅವರ ಮುಖ ನೋಡಿದೆ. ಅವರು ಉತ್ತರಕ್ಕೆ ಕಾಯಲಿಲ್ಲ.

"ಏಕಟೀಚ," ಎಂದರು ಫೋನಿಗೆ. ಒಬ್ಬಳೇ. ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ, ದೊಡ್ಡದಾಗಿ, "ಏಕಟೀಚ ರಾಹಣಾರ."

ಆಮೇಲೂ ಫೋನು ಬಿಡಲಿಲ್ಲ, ನೀರಿನ ಟಾಕಿಯನ್ನು ಎಂದಾದರೂ ತೊಳೆಸುತ್ತೀರೋ ಇಲ್ಲವೋ ಎಂದು ಜೋರು ಮಾಡುತ್ತಿದ್ದರು. ನಾನು ಪಕ್ಕದ ಬಂಡೆಯ ಮೇಲೆ ಕೂತು ಕಾಲು ಚಾಚಿದೆ. ಬಂಡೆ ಬಿಸಿಲಿಗೆ ಬೆಚ್ಚಗಾಗಿತ್ತು.