ಕಾರಿನ ಹಿಂದಿದ್ದ ಹೆಸರು

ನನ್ನ ಸೈಕಲ್ಲಿಗೆ ಗುದ್ದಿ ನಿಲ್ಲಿಸದೆ ಹೋದ ಕಾರಿನ ನಂಬರನ್ನು ನಾನು ನೋಡಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದವರಿಗೂ, ಊರಿನವರಿಗೂ, ಸುದ್ದಿ ಕೇಳಿ ಯಳಂದೂರಿನ ಗಂಡನ ಮನೆಯಿಂದ ಓಡಿಬಂದ ಮಗಳು ಭವ್ಯಳಿಗೂ ಇದನ್ನೇ ಹೇಳಿದೆ. ಇದು ಸುಳ್ಳಲ್ಲ. ನಮ್ಮ ಮುಳ್ಳೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯ ಪಕ್ಕದ ಹಳ್ಳದಲ್ಲಿ ಬಿದ್ದುಕೊಂಡು, ಬಲಗೈ ನನ್ನದೋ ಅಲ್ಲವೋ ಎಂದು ತಿಳಿಯದೆ ತಲೆ ಎತ್ತಿದಾಗ ಕಂಡದ್ದು ನಂಬರಲ್ಲ. ದೂರವಾಗುತ್ತಿದ್ದ ಬಿಳಿ ಕಾರಿನ ಹಿಂದಿನ ಗಾಜಿನ ಮೇಲೆ ಹಳದಿ ಅಕ್ಷರದಲ್ಲಿ ಒಂದು ಸಾಲು ಕಂಡಿತು: 'ದೊಡ್ಡಬಸಮ್ಮನ ಆಶೀರ್ವಾದ.'

ನಮ್ಮ ಕಡೆ ಕಾರುಗಳ ಹಿಂದೆ ಬೆಟ್ಟದ ದೇವರು ಮಾದಪ್ಪನ ಹೆಸರಿರುತ್ತದೆ, ಇಲ್ಲವೇ 'ತಂದೆ ತಾಯಿ ಆಶೀರ್ವಾದ' ಇರುತ್ತದೆ. ದೊಡ್ಡಬಸಮ್ಮನ ಹೆಸರಿರುವುದು ಒಂದೇ ಕಾರಿಗೆ. ಅದು ನನ್ನ ಗೆಳೆಯ ದೊಡ್ಡಮಾದಪ್ಪನ ಮಗ ಮಹದೇವಪ್ರಸಾದನದು. ತೀರಿಕೊಂಡ ತಾಯಿಯ ಹೆಸರನ್ನು ಹಾಕಿಸಿದ್ದ. ಕಾರು ಬಂದ ದಿನ ಪೂಜೆ ಮಾಡಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ನಾನೇ. "ನೀವೇ ಇಡ್ಬೇಕು ದೊಡ್ಡಪ್ಪ" ಎಂದು ಪ್ರಸಾದ ಕೈಹಿಡಿದು ಕರೆದಿದ್ದ. ನಿಂಬೆಹಣ್ಣಿನ ಸಾಲಿನಲ್ಲಿ ನಾನೂ ಇದ್ದೇನೆಂದು ಆಗ ಗೊತ್ತಿರಲಿಲ್ಲ.

"ಅಪ್ಪ, ಕಂಪ್ಲೇಂಟ್ ಕೊಡಾನ ನಡಿ" ಎಂದು ಭವ್ಯ ದಿನವೂ ಪೀಡಿಸುತ್ತಿದ್ದಳು. "ನಂಬರ್ ಗೊತ್ತಿಲ್ದಿದ್ರೆ ಏನಂತೆ? ಪೊಲೀಸ್ನೋರು ಉಡುಕ್ತಾರೆ."

"ಓಗ್ಲಿ ಬುಡವ್ವ. ಪಿರಾಣ ಉಳ್ಕತಲ್ಲ."

"ನಿನ್ ಪಿರಾಣ ಉಳ್ಕತು. ಅದೇ ರೋಡಲ್ಲಿ ಇಸ್ಕೂಲ್ ಐಕ್ಳು ಸೈಕಲ್ ತುಳ್ಕಂಡು ಓಯ್ತವೆ. ಬಿದ್ದೋರ್ನ ಬುಟ್ಟು ಓದವ್ನು ಇನ್ನೊಂದ್ ಸಲ ನಿಲ್ತನಾ?"

ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಸಿಟ್ಟು ಬಂತು. ಆದರೆ ಸ್ಟೇಷನ್ನಿನಲ್ಲಿ ಒಂದು ಮಾತು ಆಡಿದರೆ ದೊಡ್ಡಮಾದಪ್ಪ ನನಗೆ ಇರುವುದಿಲ್ಲ. ಈ ವಯಸ್ಸಿನಲ್ಲಿ ಮೂಳೆ ಕೂಡಿಕೊಂಡರೂ ಕೂಡಿಕೊಂಡೀತು, ಅಂಥ ಗೆಳೆಯ ಮತ್ತೆ ಹುಟ್ಟುವುದಿಲ್ಲ.

ಅವನು ನನಗೆ ಗೆಳೆಯನಾದದ್ದೇ ಗುದ್ದಿ. ಆಗ ನಮಗೆ ಮೀಸೆ ಚಿಗುರುವ ವಯಸ್ಸು. ನಾನು ಕ್ಯಾರಿಯರಿಗೆ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೊರಟಿದ್ದೆ. ಎದುರಿನಿಂದ ವೀಳ್ಯದೆಲೆ ಹೇರಿಕೊಂಡು, ಎರಡೂ ಕೈ ಬಿಟ್ಟು ಶೋಕಿ ಮಾಡುತ್ತ ಬರುತ್ತಿದ್ದ ಒಬ್ಬ ತಿರುವಿನಲ್ಲಿ ನೇರ ನನ್ನ ಮೇಲೆಯೇ ಬಂದ. ಚೀಲ ಹರಿದು ಗೂಡೆಲ್ಲ ರಸ್ತೆ ತುಂಬ ಉರುಳಿದವು. ಎರಡು ಬಾರಿಸೋಣವೆಂದು ನಾನು ಎದ್ದರೆ, ಅವನು ಆಗಲೇ ತನ್ನ ಎಲೆಯ ಗೊಡವೆ ಬಿಟ್ಟು ಪಂಚೆ ಹಿಡಿದು ನನ್ನ ಗೂಡು ಆಯುತ್ತಿದ್ದ. ಒಂದೊಂದನ್ನೂ ಊದಿ ಧೂಳು ಬಿಡಿಸುತ್ತಿದ್ದ. ಆಮೇಲೆ ನನ್ನ ಸೈಕಲ್ಲಿನ ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಅದುಮಿ ಹಿಡಿದು, ಸೊಟ್ಟಗಾದ ಹ್ಯಾಂಡಲನ್ನು ತಿರುಚಿ ನೆಟ್ಟಗೆ ಮಾಡಿದ.

ಆಗ ಅದೇ ರೂಢಿ. ಗುದ್ದಿದವನು ಇಳಿಯಬೇಕು, ಬಿದ್ದವನ ಹ್ಯಾಂಡಲ್ ನೆಟ್ಟಗೆ ಮಾಡಿಕೊಡಬೇಕು. ಜಗಳ ಏನಿದ್ದರೂ ಅದಾದ ಮೇಲೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು, "ಟೀ ಕುಡ್ದು ಬಯ್ಯೀವಂತೆ ಬಾಣ್ಣ" ಅಂದ. ಒಂದು ಟೀಯನ್ನು ಇಬ್ಬರೂ ಹಂಚಿಕೊಂಡು ಕುಡಿದೆವು. ಬೈಗುಳ ಮರೆತೇ ಹೋಯಿತು.

ಅಲ್ಲಿಂದ ಮುಂದೆ ನಾವು ತುಳಿಯದ ದಾರಿ ಇಲ್ಲ. ಹನೂರಿನ ಟೆಂಟಿನಲ್ಲಿ ಸಿನಿಮಾ ನೋಡಿಕೊಂಡು ಡೈನಮೋ ದೀಪದಲ್ಲಿ ವಾಪಸು ಬರುತ್ತಿದ್ದೆವು. ತುಳಿದರೆ ಬೆಳಕು, ಸುಸ್ತಾಗಿ ನಿಂತರೆ ಕತ್ತಲು. ಅವನಿಗೆ ಹೆಣ್ಣು ನೋಡಲು ಅಜ್ಜೀಪುರಕ್ಕೆ ಹೋದದ್ದೂ ಸೈಕಲ್ಲಿನಲ್ಲೇ. ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟವರು ಅಲ್ಲಿ ಮುಟ್ಟುವ ಹೊತ್ತಿಗೆ ಕೆಂಪು ಧೂಳು ಮೆತ್ತಿ ಕಣ್ಣೆರಡು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನೀರಿನ ಚೊಂಬು ತಂದ ಹುಡುಗಿ ನಮ್ಮನ್ನು ನೋಡಿ, "ಇವ್ರಲ್ಲಿ ಗಂಡು ಯಾರು?" ಎಂದು ಕಿಸಕ್ಕನೆ ನಕ್ಕಳು. ಅವಳೇ ದೊಡ್ಡಬಸಮ್ಮ. ಇರುವತನಕ ನನ್ನನ್ನು ಊಟ ಹಾಕದೆ ಕಳಿಸಿದವಳಲ್ಲ. ಆ ಮನೆಯ ನೆನಪಾದರೆ ನನಗೆ ಈಗಲೂ ಅವರೆಕಾಳಿನ ಸಾರಿನ ವಾಸನೆ ಬರುತ್ತದೆ.

ಭಾನುವಾರ ದೊಡ್ಡಮಾದಪ್ಪ ನನ್ನನ್ನು ನೋಡಲು ಬಂದ. ಕಾರಿನಲ್ಲಿ ಕರೆತಂದವನು ಪ್ರಸಾದ. ಅಂಗಳದಲ್ಲಿ ನಿಂತ ಕಾರಿನ ಎಡಗಡೆಯ ಲೈಟು ಒಡೆದಿತ್ತು.

"ಯಾವನ್ಲಾ ಮಲ್ಲು ಅವ್ನು, ಮನೆ ಆಳಾಗೋನು!" ಎಂದು ದೊಡ್ಡಮಾದಪ್ಪ ಹೊಸ್ತಿಲಿನಿಂದಲೇ ನನ್ನ ಹೆಸರು ಹಿಡಿದು ಕೂಗುತ್ತ ಶುರುಮಾಡಿದ. "ಬಿದ್ದಿರೋ ಮನ್ಸನ್ನ ನೋಡ್ದಲೇ ಓಯ್ತನಲ್ಲ, ಅವನ್ನ ಎತ್ತವ್ಳು ಏನ್ ಉಣ್ಸಿದ್ಲು?"

ಹೆತ್ತವಳು ಯಾರೆಂದು ನನಗೆ ಗೊತ್ತಿತ್ತು. ಪ್ರಸಾದ ಬಾಗಿಲ ಬಳಿ ನಿಂತು ಫೋನು ಒತ್ತುತ್ತಿದ್ದ. 'ದೊಡ್ಡಪ್ಪ, ನಾನೇ' ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೇ ಎಲ್ಲ ನುಂಗಿಬಿಡುತ್ತಿದ್ದೆ. ಅವನು ತಲೆ ಎತ್ತಿ, "ಊಟ ಸೇರ್ತದಾ ದೊಡ್ಡಪ್ಪ?" ಅಂದ. ನಾನು ಸೇರುತ್ತದೆ ಅಂದೆ.

ದೊಡ್ಡಮಾದಪ್ಪನದು ಕೂತಲ್ಲಿ ಕೂರುವ ಜನ್ಮವೇ ಅಲ್ಲ. ಅಂಗಳದ ಗೋಡೆಗೆ ಒರಗಿದ್ದ ನನ್ನ ಸೈಕಲ್ ಕಂಡದ್ದೇ ಎದ್ದುಹೋಗಿ, ಪಂಚೆ ಮೇಲೆ ಕಟ್ಟಿ, ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚತೊಡಗಿದ. ಮುಖ ಕೆಂಪಾಯಿತು, ಹ್ಯಾಂಡಲ್ ಅಲ್ಲಾಡಲಿಲ್ಲ.

"ಬುಡಪ್ಪ, ಆ ಅಳೇ ಸೈಕಲ್ಗೆ ಯಾಕ್ ಒದ್ದಾಡ್ತೀಯ" ಎಂದ ಪ್ರಸಾದ. "ನಾನೇ ದೊಡ್ಡಪ್ಪಂಗೆ ಒಸ್ದು ಕೊಡುಸ್ಬುಡ್ತೀನಿ."

ದೊಡ್ಡಮಾದಪ್ಪನ ಕೈ ನಿಂತಿತು. "ನೀ ಯಾಕ್ಲಾ ಕೊಡುಸ್ಬೇಕು?"

ಪ್ರಸಾದ ಫೋನನ್ನು ಜೇಬಿಗೆ ಹಾಕಿಕೊಂಡ. ದೊಡ್ಡಮಾದಪ್ಪ ಮಗನನ್ನು ನೋಡಿದ, ಕಾರಿನ ಒಡೆದ ಲೈಟು ನೋಡಿದ. "ಅನೂರ್ ತಾವು ಎಮ್ಮೆ ಅಡ್ಡ ಬಂತು ಅಂದಿದ್ಯಲ್ಲಾ?"

ಕಾಫಿ ತಂದ ಭವ್ಯ ಲೋಟ ಹಿಡಿದು ನಿಂತುಬಿಟ್ಟಳು. ದೊಡ್ಡಮಾದಪ್ಪ ನನ್ನ ಕಡೆ ತಿರುಗಿದ.

"ನೀ ನೋಡ್ದಾ ಮಲ್ಲು?"

"ಬಸಮ್ಮನ ಎಸ್ರ ನೋಡ್ದೆ ಕಣ್ಲಾ."

ಅವನು ಬೈಯಲಿಲ್ಲ. ನೆಟ್ಟಗೆ ಕಾರಿನ ಹಿಂದಕ್ಕೆ ಹೋಗಿ, ಗಾಜಿಗೆ ಅಂಟಿಸಿದ್ದ ಹಳದಿ ಅಕ್ಷರಗಳನ್ನು ಉಗುರಿನಿಂದ ಕೆರೆಯತೊಡಗಿದ. "ಓಡೋಗೋ ಗಾಡಿ ಮ್ಯಾಲೆ ಅವಳೆಸ್ರು ಬ್ಯಾಡ" ಅನ್ನುತ್ತಿದ್ದ. 'ಆಶೀರ್ವಾದ'ದ ಕೊನೆಯ ಅಕ್ಷರ ಕಿತ್ತು ಬಂತು. ನಾನು ಎದ್ದುಹೋಗಿ ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದೆ.

"ಅಳುಸ್ಬ್ಯಾಡ ಕಣ್ಲಾ."

"ಮತ್ತೇನ್ ಮಾಡ್ಲಿ?"

"ಟೇಸನ್‌ಗೆ ಓಗಾನ. ನಾ ಕಂಪ್ಲೇಂಟ್ ಕೊಡ್ತೀನಿ." ಆ ಮಾತು ಬಾಯಿಂದ ಬರುವವರೆಗೂ ಕೊಡುತ್ತೇನೆಂದು ನನಗೇ ತಿಳಿದಿರಲಿಲ್ಲ. "ಸುಮ್ನೆ ಇದ್ಬುಟ್ರೆ ಈ ಎಸ್ರು ಕಂಡಾಗೆಲ್ಲ ನಂಗೆ ಆ ಅಳ್ಳವೇ ಗ್ಯಾನಕ್ಕೆ ಬತ್ತದೆ. ನಂಗೆ ಅಜ್ಜೀಪುರ ಗ್ಯಾನಕ್ಕೆ ಬರ್ಬೇಕು."

ಅವನು ನನ್ನ ಕೈ ಕೊಡವಿಕೊಂಡ. ಹೋಯಿತು, ಇವನು ನನ್ನ ಪಾಲಿಗೆ ಮುಗಿದ ಅಂದುಕೊಂಡೆ. ಅವನು ಹೋದದ್ದು ಸೈಕಲ್ಲಿನ ಕಡೆಗೆ.

"ಬಾಲಾ ಇಲ್ಲಿ" ಎಂದು ಮಗನನ್ನು ಕರೆದ. "ಚಕ್ರನ ಮಂಡಿ ನಡುವೆ ಇಡ್ಕೊ. ಇನ್ನೂ ಬಿಗಿಯಾಗಿ. ಈಗ ತಿರುಚು."

ಪ್ರಸಾದನಿಗೆ ಅದು ಗೊತ್ತಿಲ್ಲದ ಕೆಲಸ. ಬಿಳಿ ಪ್ಯಾಂಟಿಗೆ ಗ್ರೀಸು ಮೆತ್ತಿತು, ಎರಡು ಸಲ ಜಾರಿತು. ಮೂರನೆಯ ಸಲ ಹ್ಯಾಂಡಲ್ ಕಿರುಗುಟ್ಟಿ ನೆಟ್ಟಗಾಯಿತು.

"ಕಾರು ಇಲ್ಲೇ ಇರ್ಲಿ. ನೀ ಇದ್ರಲ್ಲೇ ಟೇಸನ್ ಗಂಟ ಬಾ" ಎಂದ ದೊಡ್ಡಮಾದಪ್ಪ.

ಭವ್ಯ ಆಟೋ ಕರೆಸಿದಳು. ನಾನೂ ದೊಡ್ಡಮಾದಪ್ಪನೂ ಹಿಂದಿನ ಸೀಟಿನಲ್ಲಿ ಕೂತೆವು. ಹಿಂದೆ ಅದೇ ರಸ್ತೆಯ ಅಂಚಿನಲ್ಲಿ ಪ್ರಸಾದ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಆಟೋದವನು ಭವ್ಯ ಹೇಳಿದಂತೆ ನಿಧಾನಕ್ಕೇ ಬಿಡುತ್ತಿದ್ದ. ಬೆಟ್ಟದ ಕಡೆಯಿಂದ ಬಂದ ಬಸ್ಸೊಂದು ಹಾರ್ನ್ ಹೊಡೆಯುತ್ತ ಪ್ರಸಾದನ ಮೊಣಕೈ ಸವರಿದಂತೆ ಹಾದುಹೋಯಿತು. ಸೈಕಲ್ ಓಲಾಡಿತು. ದೊಡ್ಡಮಾದಪ್ಪ ನನ್ನ ಎಡಗೈಯನ್ನು ಗಬಕ್ಕನೆ ಹಿಡಿದು, ಆಟೋದಿಂದ ಕತ್ತು ಹೊರಗೆ ಚಾಚಿ, "ಅಂಚಿಗ್ ಬಾ ಮಗಾ, ಅಂಚಿಗ್ ಬಾ!" ಎಂದು ಕೂಗಿದ. ಆ ಕೈಯನ್ನು ಕೊಳ್ಳೇಗಾಲ ಬರುವವರೆಗೂ ಬಿಡಲಿಲ್ಲ.

ಸ್ಟೇಷನ್ನಿನಲ್ಲಿ ಏನು ವಿಷಯ ಎಂದು ಕೇಳಿದ ಪೊಲೀಸಿನವರಿಗೆ ನಾನು ಉತ್ತರ ಹುಡುಕುತ್ತಿದ್ದೆ. ಹಿಂದೆ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಪ್ರಸಾದ ಒಳಗೆ ಬಂದ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಮುಖದ ತುಂಬ ಧೂಳು. ಅಜ್ಜೀಪುರಕ್ಕೆ ಹೋದ ದಿನದ ಅವನ ಅಪ್ಪನೇ ಬಂದು ನಿಂತ ಹಾಗಿತ್ತು.

"ಇವ್ರಿಗೆ ಗುದ್ದವ್ನು ನಾನೇ ಸಾ" ಅಂದ. "ಇಳೀನಿಲ್ಲ."

ದೂರು ಬರೆದುಕೊಂಡರು, ನಾನು ಎಡಗೈಯಲ್ಲಿ ಸಹಿ ಗೀಚಿದೆ. ಮಗನನ್ನು ಒಳಗೆ ಕೂರಿಸಿದ ಮೇಲೆ ದೊಡ್ಡಮಾದಪ್ಪ ಹೊರಗೆ ಬಂದು ನನ್ನ ಸೈಕಲ್ಲಿನ ಸೀಟು ಹಿಡಿದು ನಿಂತ. ಹೆಗಲು ಕುಲುಕುತ್ತಿತ್ತು.

"ಟೀ ಕುಡ್ದು ಅಳೀವಂತೆ ಬಾಲಾ" ಅಂದೆ.