ಬೊಳ್ಳಿಯ ಹೊಟ್ಟೆಗೆ ಪಾಲಿಶ್ ಬೇಡ

ಹಿತ್ತಲಲ್ಲಿ ಬಿದ್ದ ಹಲಸಿನ ಹಣ್ಣನ್ನೆಲ್ಲ ತಿಂದು ಬಂದ ಬೊಳ್ಳಿಯ ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು. ಅದೂ ಗಬ್ಬದ ದನ.

ಪೆರಾಬೆಯ ಕುಕ್ಕಪ್ಪ ಔಷಧ ಕುಡಿಸುವ ಬಿದಿರಿನ ಗೊಟ್ಟ ತಂದರು. ಇನ್ನೊಂದು ಕೈಯಲ್ಲಿ, ಕಪಾಟಿಗೆ ಪಾಲಿಶ್ ಹೊಡೆಯಲು ಬಂದ ಬಡಗಿ ಬಿಟ್ಟುಹೋಗಿದ್ದ ಸ್ಪಿರಿಟ್ ಬಾಟಲಿ. ಸೊಸೆ ಕುಮುದಿನಿ ದನದ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತಳು.

“ಮಾವ, ಅದು ಕೊಡ್ಬೇಡಿ.”

“ಎಂತಕ್ಕೆ? ಉಬ್ಬರಕ್ಕೆ ನನ್ನ ಅಪ್ಪ ಸಾರಾಯಿ ಕುಡಿಸ್ತಿದ್ರು. ಇದೂ ಅದೇ ಜಾತಿ.”

“ಹಾಗಾದ್ರೆ ಕಪಾಟಿಗೆ ಸಾರಾಯಿ ಬಳೀಬಹುದಿತ್ತಲ್ಲ. ಸುದರ್ಶನ ಡಾಕ್ಟ್ರಿಗೆ ಫೋನ್ ಮಾಡಿದ್ದೇನೆ. ಅದು ವಿಷ ಅಂತ ಅವರೇ ಹೇಳಿದ್ರು. ಕಡಬದಿಂದ ಹೊರಟಿದ್ದಾರೆ.”

“ನೀನು ಯಾವಾಗ ಡಾಕ್ಟ್ರಾದ್ದು ಮಾರಾಯ್ತಿ? ಸರಿ ಆಚೆ.”

“ಸರಿಯುದಿಲ್ಲ.”

ಅವಳು ಹಟ್ಟಿಗೆ ಬೀಗ ಜಡಿದು, ಕೀ ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಕುಕ್ಕಪ್ಪ ಕತ್ತಿಯ ಹಿಂಬದಿಯಿಂದ ಬೀಗಕ್ಕೆ ಬಡಿಯತೊಡಗಿದರು. ಕುಮುದಿನಿ ಮತ್ತೆ ಫೋನ್ ಮಾಡಿದರೆ ಬೈಕಿನಲ್ಲಿದ್ದ ಡಾಕ್ಟ್ರು ಎತ್ತಲಿಲ್ಲ.

ಅವಳು ಶಾಲೆಯಲ್ಲೇ ಮಾಷ್ಟ್ರುಗಳ ಹಾಗೆಯೇ ಸ್ವರ ತೆಗೆದು ಪೆಟ್ಟು ತಿಂದವಳು. ಗಂಟಲು ಸರಿಮಾಡಿಕೊಂಡು ಮಾವನಿಗೆ ಫೋನ್ ಮಾಡಿದಳು. ಕನ್ನಡಕವಿಲ್ಲದೆ ಅವರಿಗೆ ಯಾರ ಹೆಸರೂ ಕಾಣುವುದಿಲ್ಲ.

“ಹ್ಞಾಂ, ಕುಕ್ಕಪ್ಪಣ್ಣ, ಸುದರ್ಶನ ಡಾಕ್ಟ್ರು. ಪಾಲಿಶಿನ ಸ್ಪಿರಿಟಲ್ಲಿ ಮೆಥನಾಲ್ ಅಂತ ವಿಷ ಇರುದುಂಟು, ಆಯ್ತಾ. ಲಿವರ್ ಅದನ್ನು ಕರಗಿಸ್ಲಿಕ್ಕೆ ಹೋಗಿ ಇನ್ನೂ ಕೆಟ್ಟ ವಿಷ ಮಾಡ್ತದೆ. ಗಬ್ಬದಲ್ಲಿ ಲಿವರಿನ ಕೆಲಸದ ಕ್ರಮವೇ ಬದಲಾಗ್ಬಹುದು. ವಿಷ ಎಷ್ಟು ಹೊತ್ತು ಮೈಯಲ್ಲಿ ನಿಲ್ತದೆ ಅಂತ ಅಂದಾಜು ಸಿಕ್ಕುದಿಲ್ಲ. ಹೊಟ್ಟೆಯಲ್ಲಿರುವ ಕರುವಿಗೂ ದಾಟ್ತದೆ, ಅದರ ಲಿವರ್ ಇನ್ನೂ ಎಳತು. ಬಾಯಿಗೆ ಎಂತದೂ ಹಾಕ್ಬೇಡಿ. ಬೀಗ ಒಡೀಬೇಡಿ, ಆಯ್ತಾ.”

“ಆಯ್ತು ಡಾಕ್ಟ್ರೆ.” ಕುಕ್ಕಪ್ಪ ಕತ್ತಿ, ಗೊಟ್ಟ ಎರಡನ್ನೂ ಕೆಳಗಿಟ್ಟರು.

ಅಷ್ಟರಲ್ಲಿ ಅಂಗಳಕ್ಕೆ ಬೈಕು ಬಂದು ಸುದರ್ಶನ ಡಾಕ್ಟ್ರು ಇಳಿದರು. ಕುಕ್ಕಪ್ಪನ ಕಿವಿಯಲ್ಲಿದ್ದ ಫೋನಿನಲ್ಲಿಯೂ ಡಾಕ್ಟ್ರು ಮಾತಾಡುತ್ತಲೇ ಇದ್ದರು.

ಹೊಟ್ಟೆಗೆ ನಳಿಗೆ ಇಳಿಸಿ ಗಾಳಿ ತೆಗೆದದ್ದಾಯಿತು. ಬೊಳ್ಳಿ ಮೆಲುಕು ಹಾಕತೊಡಗಿದ ಮೇಲೆ ಕುಕ್ಕಪ್ಪ ಸೊಸೆಯತ್ತ ತಿರುಗಿದರು.

“ನನ್ನನ್ನು ಮಂಗ ಮಾಡಿದ್ದಾ?”

“ಡಾಕ್ಟ್ರು ಹೇಳಿದ್ದನ್ನೇ ಹೇಳಿದ್ದು ಮಾವ. ಬೀಗದ ಮಾತು ಮಾತ್ರ ನನ್ನದು. ನನ್ನ ಸ್ವರದಲ್ಲಿ ಹೇಳಿದಾಗ ನಿಮಗೆ ಕೇಳ್ಲಿಲ್ಲ. ಸ್ವರ ಬದಲಿಸಿದೆ, ಕೇಳಿತು.”

ಕುಕ್ಕಪ್ಪ ಸ್ಪಿರಿಟ್ ಬಾಟಲಿಯನ್ನು ಒಂದು ಪೆಟ್ಟಿಗೆಯೊಳಗಿಟ್ಟರು. ಹಟ್ಟಿಯ ಬೀಗ ತಂದು ಅದಕ್ಕೆ ಹಾಕಿದರು.

ನೀವೂ ಹಾಕಿ. ಸ್ಪಿರಿಟ್, ಥಿನ್ನರ್, ಗಾಡಿಯ ಕೂಲಂಟ್ ಯಾವ ಪ್ರಾಣಿಗೂ ಮದ್ದಲ್ಲ. ಅವು ದನ, ಆಡು, ನಾಯಿಗಳ ಬಾಯಿಗೆ ಸಿಗದಂತಿರಲಿ. ಕುಡಿದಿದ್ದರೆ ಲಕ್ಷಣ ಕಾಣಲೆಂದು ಕಾಯಬೇಡಿ, ಕೂಡಲೇ ಪಶುವೈದ್ಯರನ್ನು ಕರೆಯಿರಿ. ಗಬ್ಬದ ಪ್ರಾಣಿಯಾದರೆ ಅದನ್ನೇ ಮೊದಲು ಹೇಳಿ. ಮನೆಯ ಹೆಂಗಸು ಬೇಡ ಎಂದರೆ, ಅವಳ ಸ್ವರದಲ್ಲೇ ಕೇಳಿಸಿಕೊಳ್ಳಿ.

ಈಗ ಮನೆಗೆ ಯಾರೇ ಬರಲಿ, ಕುಕ್ಕಪ್ಪ ಸೊಸೆಗೆ “ಮಗಾ, ಆ ಡಾಕ್ಟ್ರ ಸ್ವರ ಒಮ್ಮೆ ತೆಗಿ” ಎನ್ನುತ್ತಾರೆ. “ಬೀಗ ಒಡೀಬೇಡಿ, ಆಯ್ತಾ” ಎಂಬಲ್ಲಿಗೆ ಬಂದಾಗ ಎಲ್ಲರಿಗಿಂತ ಗಟ್ಟಿಯಾಗಿ ನಗುವವರು ಅವರೇ.