ಪದ ತಂದವರಿಗೆ ಊಟ

ಅಪ್ಪ ವೈರು ಬಿಡುತ್ತಾ ಮುಂದೆ ಹೋದ. ನಾನು ಅದರ ಮೇಲೆ ಟೇಪು ಅಂಟಿಸುತ್ತಾ ಹಿಂದೆ ಹೋದೆ. ಮೊಳಕ್ಕೊಂದು ತುಂಡು, ಹಲ್ಲಿನಲ್ಲಿ ಕಚ್ಚಿ ಹರಿಯುವುದು, ಅಂಗೈಯಿಂದ ಒತ್ತುವುದು. ವಿನೋಬನಗರದ ಆ ಸಭಾಭವನದ ಬಾಗಿಲಿನಿಂದ ವೇದಿಕೆಯವರೆಗೆ ಹೀಗೇ ಹೋದೆವು. ವೇದಿಕೆಯ ಬ್ಯಾನರಿನಲ್ಲಿ ‘ಅಪ್ಪ: ಒಂದು ಪದದ ವಿಶ್ವಯಾತ್ರೆ’ ಎಂದಿತ್ತು.

ಶಾಲೆ ಬಿಟ್ಟಾಗಿನಿಂದ ನಾನು ಅಪ್ಪನ ಮೈಕ್ ಸೆಟ್ಟಿನ ಜೊತೆಗೇ ತಿರುಗುವವಳು. ಅವತ್ತು ಭದ್ರಾವತಿಯಿಂದ ಆರೂವರೆಗೇ ಹೊರಟಿದ್ದೆವು. ಅಪ್ಪನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದರೆ ಮಧ್ಯಾಹ್ನ ಒಂದು ಗಂಟೆಗೆಲ್ಲ ಹೊಟ್ಟೆಗೆ ಅನ್ನ ಬೀಳಬೇಕು. ಇಲ್ಲದಿದ್ದರೆ ಮೊದಲು ಕೈ ನಡುಗುತ್ತದೆ, ಆಮೇಲೆ ಬೆವರು, ಆಮೇಲೆ ಆಳೇ ಕುಸಿಯುತ್ತಾನೆ. ಹೋದ ವರ್ಷ ಸೋಗಾನೆಯ ಮದುವೆಮನೆಯಲ್ಲಿ ಹಾಗೇ ಸ್ಪೀಕರಿನ ಮೇಲೆ ಬಿದ್ದಿದ್ದ. ಬುತ್ತಿ ಕಟ್ಟುತ್ತೇನೆ ಎಂದರೆ ಕೇಳಲಿಲ್ಲ.

“ಊಟ ನಮ್ಮಲ್ಲೇ ಅಂದಿದಾರೆ ಕಣೇ. ಬುತ್ತಿ ಬಿಚ್ಚಿದ್ರೆ ಅವರಿಗೆ ಅವಮಾನ.”

ಸಭೆ ಕರೆದವರು ಯಜ್ಞನಾರಾಯಣ, ನಿವೃತ್ತ ಉಪನ್ಯಾಸಕರು. ಹತ್ತು ಗಂಟೆಗೆ ಮೈಕ್ ಹಿಡಿದವರೇ ನಿಯಮ ಹೇಳಿದರು: ‘ಅಪ್ಪ’ ಎಂಬ ಪದವನ್ನೋ ಅದಕ್ಕೆ ಹತ್ತಿರದ್ದನ್ನೋ ಹೊರಗಿನ ಒಂದು ಭಾಷೆಯಿಂದ ತಂದು ಬರೆಸಿದವರಿಗೆ ಮಾತ್ರ ಊಟದ ಕೂಪನ್. ಸುಮ್ಮನೆ ಉಂಡು ಹೋಗುವವರ ಕಾಟ ಹೆಚ್ಚಾಗಿದೆಯಂತೆ.

ಜನ ಕುಳಿತಲ್ಲೇ ಫೋನು ತೆಗೆದರು. ಕೊರಿಯಾದಲ್ಲೂ ಅಪ್ಪನಿಗೆ ಅಪ್ಪ ಅನ್ನುತ್ತಾರೆಂದು ಹನ್ನೊಂದು ಜನ ಬರೆಸಿದರು. ಹಂಗೇರಿಯಲ್ಲಿ ‘ಅಪ’ ಎಂದರೆ ಅಪ್ಪ ಎಂದು ನಾಲ್ವರು. ಇಂಡೊನೇಷ್ಯಾದಲ್ಲಿ ಅದೇ ‘ಅಪ’ ಎಂದರೆ ‘ಏನು’ ಎಂದು ಒಬ್ಬರು ಎದ್ದು ಹೇಳಿದಾಗ ಯಜ್ಞನಾರಾಯಣರು ಕಣ್ಣು ಮುಚ್ಚಿ ತಲೆದೂಗಿದರು. “ಮಗು ಏನು ಏನು ಅಂತ ಕೇಳೋದು ಯಾರನ್ನ? ಅಪ್ಪನನ್ನ!” ಚಪ್ಪಾಳೆ ಬಿತ್ತು. ರೊಮೇನಿಯಾದಲ್ಲಿ ಅದು ನೀರು ಎಂದಾಗ ಅವರ ಸಂತೋಷ ಹೇಳತೀರದು. ಸಂಸ್ಕೃತದ ‘ಅಪ್’ ಕೂಡ ನೀರೇ. ತರ್ಪಣದ ನೀರು ಸೇರುವುದು ಅಪ್ಪನಿಗೇ. ಹಾಗಾಗಿ ಎಲ್ಲವೂ ಸಂಸ್ಕೃತವಂತೆ.

ಭದ್ರಾವತಿಯ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಗೋವಿಂದಯ್ಯ ಮುಂದಿನ ಸಾಲಿನಲ್ಲಿ ಎದ್ದು ನಿಂತರು. ಪ್ರಶ್ನೆ ಕೇಳುವವರ ಬಳಿಗೆ ಕೈಮೈಕ್ ಒಯ್ಯುವುದು ನನ್ನ ಕೆಲಸ. ಓಡಿ ಕೊಟ್ಟೆ.

“ಏನ್ ಸ್ವಾಮಿ, ನಿಮ್ಮೋರು ಅಪ್ಪನ್ನ ಪಿತಾಜಿ ಅಂತಾರೆ. ಅಪ್ಪ ನಮ್ಮ ಕನ್ನಡದ್ದು. ನಮ್ಮೋರು ಹಡಗು ಹತ್ತಿ ಕೊರಿಯಾಕ್ಕೆ ಕೊಟ್ಟು ಬಂದಿದ್ದು!”

“ಹಡಗಿನ ಟಿಕೆಟ್ ಇದ್ರೆ ತೋರ್ಸಿ ಮಾರಾಯ್ರೆ” ಎಂದರು ಯಜ್ಞನಾರಾಯಣ.

ನೀರಿನ ಲೋಟ ಹಂಚುತ್ತಿದ್ದ ಬಂಗಾರಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು. “ಹಲ್ಲು ಬರದ ಕೂಸು ತುಟಿ ಕೂಡ್ಸಿದ್ರೆ ಅಪ್ಪ, ಅಮ್ಮ ಅಂತ್ಲೇ ಬರೋದು. ಇದಕ್ಕೆ ಹಡಗು ಯಾಕಂತೆ?” ಯಾರೂ ಅವಳ ಮಾತನ್ನು ಬರೆದುಕೊಳ್ಳಲಿಲ್ಲ.

ಹನ್ನೆರಡೂವರೆಯಾಯಿತು. ಅಪ್ಪ ಆಂಪ್ಲಿಫೈಯರಿನ ಪಕ್ಕದ ಸ್ಟೂಲಿನಿಂದ ಎದ್ದಿರಲೇ ಇಲ್ಲ. ಯಜ್ಞನಾರಾಯಣರೂ ಗೋವಿಂದಯ್ಯನವರೂ ಒಟ್ಟಿಗೇ ಕೂಗಿದಾಗ ಸ್ಪೀಕರು ಕಿರುಚದಂತೆ ಅವನೇ ಧ್ವನಿಯ ತಿರುಪು ಹಿಡಿದು ಕೂರಬೇಕಿತ್ತು. ನಾನು ಕೂಪನ್ ಮೇಜಿಗೆ ಹೋದೆ. ಅಲ್ಲಿ ಯಜ್ಞನಾರಾಯಣರ ಅಳಿಯ ವಿಷ್ಣು ಕುಳಿತಿದ್ದರು.

“ನಮ್ಮಪ್ಪಂಗೊಂದು ಕೂಪನ್ ಬೇಕಿತ್ತು.”

“ಏನು ತಂದಿದೀರ?”

“ಮೈಕು.”

“ಮೈಕಲ್ಲಮ್ಮ, ಪದ. ರೂಲ್ಸು ಮಾವಂದು, ನನ್ನ ಕೈಲಿಲ್ಲ.”

ಯೋಚಿಸಿದೆ. ಭದ್ರಾವತಿಯಲ್ಲಿ ನಮ್ಮ ಗೋಡೆಗೆ ಗೋಡೆ ಹೊಂದಿಕೊಂಡ ಮನೆಯಲ್ಲಿ ಉರ್ದು ಮಾತು. ಅಲ್ಲಿ ತಂಗಿಯರು ಅಕ್ಕನನ್ನು ‘ಆಪಾ’ ಎಂದು ಕರೆಯುತ್ತಾರೆ. ಹೇಳಿದೆ. ವಿಷ್ಣು ಬರೆದುಕೊಂಡು, ಪೆನ್ನಿನಿಂದ ಹಣೆ ತುರಿಸಿಕೊಂಡರು.

“ಇದು ಹೆಂಗಸರಿಗೆ ಹೇಳೋದಾಯ್ತಲ್ಲ. ಉಪಸಮಿತಿ ಒಪ್ಪಬೇಕು.”

“ಉಪಸಮಿತಿ ಯಾವಾಗ ಸೇರತ್ತೆ?”

“ಊಟ ಆದ್ಮೇಲೆ.”

ಹೊರಗಿನಿಂದ ಏನಾದರೂ ತಂದುಕೊಡುತ್ತೇನೆ ಎಂದು ಅಪ್ಪನ ಬಳಿ ಹೋದೆ. ಹಣೆಯ ಮೇಲೆ ಬೆವರು ಮೂಡಿತ್ತು. “ಕರೆದೋರ ಮನೇಲಿ ಹಂಗ್ ಮಾಡಬಾರ್ದು. ಕರೀತಾರೆ, ತಡಿ” ಎಂದ. ತಿರುಪಿನ ಮೇಲಿದ್ದ ಬೆರಳುಗಳು ಅಲುಗಾಡುತ್ತಿದ್ದವು.

ಒಂದೂಕಾಲಿಗೆ ಸ್ಪೀಕರು ಕುಂಯ್ ಎಂದು ಕೂಗಿತು. ಸಭೆಯೆಲ್ಲ ತಿರುಗಿ ಅಪ್ಪನನ್ನು ನೋಡಿತು. ಅವತ್ತು ಅವನನ್ನು ನೋಡಿದ್ದು ಅದೊಂದೇ ಸಲ.

“ರೀ ಮೈಕಿನೋರೆ, ನಿದ್ದೆ ಮಾಡ್ತಿದೀರೇನ್ರಿ?” ಎಂದರು ಯಜ್ಞನಾರಾಯಣ. ಈ ಒಂದು ಮಾತಿಗೆ ಗೋವಿಂದಯ್ಯನವರೂ ತಲೆಯಾಡಿಸಿದರು. ಆಮೇಲೆ ಯಜ್ಞನಾರಾಯಣರು ಸಭೆಯ ಕಡೆ ನೋಡಿ, “ಊಟಕ್ಕೆ ಏಳೋ ಮೊದ್ಲು ಕೊನೇ ಪ್ರಶ್ನೆ. ಯಾರದಾದ್ರೂ ಇದೆಯಾ?” ಎಂದರು.

ಯಾರೂ ಕೈ ಎತ್ತಲಿಲ್ಲ. ಎಲ್ಲರ ಕೈಯಲ್ಲೂ ಕೂಪನ್ ಇತ್ತು. ಅಪ್ಪ ಆಂಪ್ಲಿಫೈಯರಿಗೆ ತಲೆ ಆನಿಸಿದ್ದ. ಮೈಕ್ ನನ್ನ ಕೈಯಲ್ಲಿತ್ತು. ಅಷ್ಟು ವರ್ಷ ಮೈಕ್ ಹೊತ್ತರೂ ಅದರಲ್ಲಿ ‘ಹಲೋ, ಚೆಕ್’ ಬಿಟ್ಟು ಬೇರೆ ಮಾತು ಆಡಿದವಳಲ್ಲ.

“ನಮ್ಮಪ್ಪ ಮಾತ್ರೆ ನುಂಗಿದಾನೆ. ಒಂದು ಗಂಟೆಗೇ ಉಣ್ಣಬೇಕಿತ್ತು.”

ಯಜ್ಞನಾರಾಯಣರ ಮುಖ ಅರಳಿತು. “ಗಮನಿಸಿ! ಎಷ್ಟು ಸಹಜವಾಗಿ ಬಂತು ಪದ!”

“ಬಂದಿದ್ದು ಕನ್ನಡದಲ್ಲಿ, ಅದನ್ನೂ ಗಮನಿಸಿ” ಎಂದು ಗೋವಿಂದಯ್ಯ ನೋಟ್‌ಬುಕ್ಕಿನಲ್ಲಿ ಏನನ್ನೋ ಗೀಚಿಕೊಂಡರು. ಕುರ್ಚಿಗಳು ಸರಿಯತೊಡಗಿದವು. ಜನ ಕೂಪನ್ ಹಿಡಿದು ಬಾಗಿಲಿನತ್ತ ಸಾಲುಗಟ್ಟಿದರು.

“ಸಾರ್,” ಎಂದೆ ಮೈಕಿನಲ್ಲೇ, “ನಮ್ಮಪ್ಪನಿಗೆ ಒಂದೆಲೆ ಹಾಕ್ತೀರಾ?”